ಕೆಂಪು ಮಂಡಿಯ ಟ್ಯಾರಂಟುಲಾ: ‘ಸ್ಮಿತಿ’ ಹೆಣ್ಣಿಗೆ ‘ಹಮೋರಿ’ ಗಂಡನ್ನು ಕೂಡಿಸಬಹುದೇ?

ಕರಿಮಣ್ಣು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಮೆಕ್ಸಿಕೋ ಮೂಲದ ಕೆಂಪು ಮಂಡಿಯ ಟ್ಯಾರಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡ) ಹೆಣ್ಣೊಂದನ್ನು ನಾನು ಹಲವು ವರ್ಷಗಳಿಂದ ಸಾಕುತ್ತಿದ್ದೇನೆ. ಹೈದರಾಬಾದಿನ ಹವ್ಯಾಸಿಯೊಬ್ಬರಿಂದ ಅದನ್ನು ಪಡೆದಾಗ ಅದು ಬೆರಳಿನ ಉಗುರಿನಷ್ಟು ಗಾತ್ರದ ಮರಿಯಾಗಿತ್ತು, ಡಬ್ಬಿಯ ಮೇಲೆ ‘ಬ್ರಾಕಿಪೆಲ್ಮಾ ಸ್ಮಿತಿ’ ಎಂಬ ಚೀಟಿ ಇತ್ತು. ಅದೇ ಹೆಸರಿನಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿಯನ್ನೂ ಮಾಡಿಸಿದ್ದೇನೆ. ಇತ್ತೀಚೆಗೆ ಅದು ಪೊರೆ ಕಳಚಿದೆ, ಆರೋಗ್ಯವಾಗಿದೆ, ಚೆನ್ನಾಗಿ ತಿನ್ನುತ್ತಿದೆ.

ಬೀದರಿನ ಗೆಳೆಯರೊಬ್ಬರ ಬಳಿ ಒಂದು ಗಂಡು ಇದೆ. ಅದು ಕೊನೆಯ ಪೊರೆ ಕಳಚಿ ಪ್ರೌಢವಾಗಿದ್ದು, ಮುಂಗಾಲುಗಳ ಕೊಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಅದರ ಚೀಟಿಯಲ್ಲಿರುವ ಹೆಸರು ‘ಬ್ರಾಕಿಪೆಲ್ಮಾ ಹಮೋರಿ’. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಸ್ಮಿತಿ ಎಂದೇ ಕರೆಯುತ್ತಿದ್ದರು, ನೋಡಲು ಎರಡೂ ಒಂದೇ, ವ್ಯತ್ಯಾಸ ಇರುವುದು ಕಾಗದದ ಮೇಲೆ ಮಾತ್ರ ಎಂಬುದು ಗೆಳೆಯರ ವಾದ. ಗಂಡು ಹೆಚ್ಚು ಕಾಲ ಬದುಕುವುದಿಲ್ಲವಾದ್ದರಿಂದ ಬೇಗ ತೀರ್ಮಾನಿಸಬೇಕೆಂದೂ ಅವರು ಹೇಳುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಒಪ್ಪದಿರಲು ಗಟ್ಟಿಯಾದ ಕಾರಣವನ್ನೂ ಕೊಡಲಾಗುತ್ತಿಲ್ಲ. ಇವೆರಡೂ ನಿಜವಾಗಿಯೂ ಬೇರೆ ಪ್ರಭೇದಗಳೇ? ಬೇರೆಯಾಗಿದ್ದರೆ, ನನ್ನ ಬಳಿ ಇರುವುದು ಯಾವುದೆಂದು ಇಲ್ಲಿ ಕುಳಿತು ತಿಳಿಯುವ ದಾರಿ ಇದೆಯೇ? ಜೊತೆಗೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಿನಲ್ಲಿ ಮೊಟ್ಟೆಚೀಲವನ್ನು ಕಾಪಾಡುವುದು ಸಾಧ್ಯವೇ ಎಂಬುದನ್ನೂ ಬಲ್ಲವರು ತಿಳಿಸಬೇಕು.

ಎಂಟು ಕಾಲು, ಬೀದರ್

ಕೂಡಿಸಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ.

ಸ್ಮಿತಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1897ರಲ್ಲಿ, ಹಮೋರಿಯನ್ನು ಸರಿಯಾಗಿ ನೂರು ವರ್ಷಗಳ ನಂತರ, 1997ರಲ್ಲಿ. ಇವೆರಡರ ಗಡಿ ಬಹುಕಾಲ ಗೊಂದಲದಲ್ಲೇ ಉಳಿದಿತ್ತು. 2017ರಲ್ಲಿ ಮೆಕ್ಸಿಕೋದ ಸಂಶೋಧಕರಾದ ಮೆಂಡೋಜಾ ಮತ್ತು ಫ್ರಾಂಕೆ ಅವರು ಅಂಗರಚನೆಯ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿ ನೋಡಿ, ಇವು ಎರಡು ಬೇರೆ ಪ್ರಭೇದಗಳೆಂದು ಖಚಿತಪಡಿಸಿದರು. ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಕಡೆ ಬಾಲ್ಸಾಸ್ ನದಿಯ ಕಣಿವೆ ಇವೆರಡರ ನೆಲೆಗಳನ್ನು ಬೇರ್ಪಡಿಸುತ್ತದೆ. ಹಮೋರಿ ಇರುವುದು ಕೊಲಿಮಾ, ಹಲಿಸ್ಕೊ, ಮಿಚೊಆಕಾನ್ ರಾಜ್ಯಗಳಲ್ಲಿ, ಸ್ಮಿತಿ ಇರುವುದು ಮುಖ್ಯವಾಗಿ ಗೆರೆರೊದಲ್ಲಿ. ಆ ಅಧ್ಯಯನದಿಂದ ಹೊರಬಿದ್ದ ಇನ್ನೊಂದು ಸಂಗತಿ ನಮ್ಮಂಥವರಿಗೆ ಹೆಚ್ಚು ಮುಖ್ಯವಾದುದು: ದಶಕಗಳಿಂದ ಸ್ಮಿತಿ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಮಾರಾಟವಾಗುತ್ತಿದ್ದ ಕೆಂಪು ಮಂಡಿಯ ಜೇಡಗಳಲ್ಲಿ ಬಹುಪಾಲು ಹಮೋರಿಗಳೇ ಆಗಿದ್ದವು.

ಹಾಗಾಗಿ ನಿಮ್ಮ ಹೆಣ್ಣು ಹಮೋರಿಯೇ ಆಗಿರುವ ಸಂಭವ ಸಾಕಷ್ಟಿದೆ. ಹಾಗಿದ್ದರೆ ಜೋಡಿ ಸರಿಯಾದದ್ದೇ. ಆದರೆ ‘ಸಂಭವ ಇದೆ’ ಎಂಬ ಆಧಾರದ ಮೇಲೆ ಜೋಡಿ ಮಾಡುವಂತಿಲ್ಲ; ಗಂಡಿನ ಚೀಟಿಯೂ ಎಷ್ಟು ನಂಬಿಕೆಗೆ ಅರ್ಹವೋ ಯಾರು ಬಲ್ಲರು? 2017ರ ನಂತರ ಎಷ್ಟೋ ಮಾರಾಟಗಾರರು ಜೇಡವನ್ನು ಪರೀಕ್ಷಿಸದೆ ಚೀಟಿಯನ್ನು ಮಾತ್ರ ಬದಲಿಸಿದ್ದಾರೆ.

ತಿಳಿಯುವ ದಾರಿ ನಿಮ್ಮ ಮನೆಯಲ್ಲೇ ಇದೆ: ಹೆಣ್ಣು ಕಳಚಿದ ಆ ಪೊರೆ. ಅದನ್ನು ಎಸೆದಿಲ್ಲವೆಂದು ನಂಬಿದ್ದೇನೆ. ಒಣಗಿ ಮುದುಡಿದ್ದರೆ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿಡಿ. ಆಮೇಲೆ ಹೊಟ್ಟೆಯ ಭಾಗದ ತೆಳು ಪೊರೆಯನ್ನು ಸಣ್ಣ ಕುಂಚದಿಂದ ನಿಧಾನವಾಗಿ ಬಿಡಿಸಿದರೆ, ಮುಂದಿನ ಜೋಡಿ ಪುಸ್ತಕ ಶ್ವಾಸಕೋಶಗಳ (ಪುಸ್ತಕದ ಹಾಳೆಗಳಂತೆ ಪದರವಿರುವ ಉಸಿರಾಟದ ಅಂಗಗಳ) ನಡುವೆ, ಒಳಮೈಯಲ್ಲಿ, ಗಂಡಿನ ವೀರ್ಯವನ್ನು ಶೇಖರಿಸಿಡುವ ಸಣ್ಣ ಅಂಗ ಕಾಣುತ್ತದೆ. ಅದರ ಬುಡದ ತಟ್ಟೆ ಹಮೋರಿಯಲ್ಲಿ ಅಂಡಾಕಾರವಾಗಿ ಒಂದೇ ತುಂಡಾಗಿರುತ್ತದೆ, ಸ್ಮಿತಿಯಲ್ಲಿ ವಿಭಾಗಗೊಂಡಿರುತ್ತದೆ. ಬರಿಗಣ್ಣಿಗೆ ಇದು ನಿಲುಕುವುದಿಲ್ಲ. ಯಾವುದಾದರೂ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿನಂತಿಸಿಕೊಂಡು ಸೂಕ್ಷ್ಮದರ್ಶಕದಡಿ ಫೋಟೊ ತೆಗೆಸಿ. ಗಂಡಿನ ವಿಷಯದಲ್ಲಿ ನೋಡಬೇಕಾದುದು ಬಾಯಿಯ ಪಕ್ಕದ ಸಣ್ಣ ತೋಳುಗಳ ತುದಿಯಲ್ಲಿರುವ, ವೀರ್ಯ ತುಂಬಿಕೊಳ್ಳುವ ಬಲ್ಬ್‌ನ ಆಕಾರ.

ಬಣ್ಣವನ್ನು ಮೊದಲ ಸುಳಿವಾಗಿ ಮಾತ್ರ ಬಳಸಿ. ಎದುರಿನಿಂದ ನೋಡಿದಾಗ ಕೋರೆಹಲ್ಲುಗಳ ಬುಡಭಾಗದ ಮೇಲೆ ಹಮೋರಿಗೆ ಎರಡು ಅಡ್ಡಪಟ್ಟಿಗಳಿರುತ್ತವೆ, ಸ್ಮಿತಿಗೆ ಒಂದೇ. ಆದರೆ ಪೊರೆ ಹಳೆಯದಾದಂತೆ ಬಣ್ಣ ಮಾಸುತ್ತದೆ, ಮೊಬೈಲ್ ಕ್ಯಾಮೆರಾ ಅದನ್ನು ಇನ್ನಷ್ಟು ಕೆಡಿಸುತ್ತದೆ.

ಶಹಾಬಾದ್ ಕಲ್ಲು, ಕಲಬುರಗಿ

ಇದು ಅತಿಯಾಯಿತು ಎಂದು ನನಗನ್ನಿಸುತ್ತದೆ. ಈ ಜೇಡಗಳನ್ನು ಯಾರೂ ಮೆಕ್ಸಿಕೋದ ಕಾಡಿಗೆ ಒಯ್ದು ಬಿಡುವುದಿಲ್ಲ, ನಮ್ಮ ತೊಗರಿ ಹೊಲಕ್ಕೂ ಬಿಡುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಹುಟ್ಟಿ ಅಲ್ಲಿಯೇ ಸಾಯುವ ಪ್ರಾಣಿಯಲ್ಲಿ ಯಾವ ರಕ್ತ ಎಷ್ಟಿದೆ ಎಂಬುದರಿಂದ ಯಾರಿಗೆ ಏನು ನಷ್ಟ? ‘ಇದು ಮಿಶ್ರತಳಿ’ ಎಂದು ಪ್ರಾಮಾಣಿಕವಾಗಿ ಬರೆದು ಕೊಟ್ಟರೆ ಸಾಕಲ್ಲವೇ? ನಿಸರ್ಗದಲ್ಲೂ ಹತ್ತಿರದ ಪ್ರಭೇದಗಳು ಆಗೀಗ ಬೆರೆಯುತ್ತವೆ ಎಂದು ಓದಿದ್ದೇನೆ. ಗಂಡು ವ್ಯರ್ಥವಾಗಿ ಸಾಯುವುದಕ್ಕಿಂತ ಅದು ಒಳ್ಳೆಯದಲ್ಲವೇ?

ಎಂಟು ಕಾಲು, ಬೀದರ್

ನ್ಯಾಯವಾದ ಪ್ರಶ್ನೆಯೇ ಸರ್. ಮನೆಯಲ್ಲಿ ಸಾಕುವುದು ಸಂರಕ್ಷಣೆಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ನಮ್ಮ ಹವ್ಯಾಸಕ್ಕೆ ಅಷ್ಟು ದೊಡ್ಡ ಹೆಸರನ್ನು ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆದರೆ ನಷ್ಟ ಇರುವುದು ಬೇರೆ ಕಡೆ.

ಬ್ರಾಕಿಪೆಲ್ಮಾದ ಒಂದು ಮೊಟ್ಟೆಚೀಲದಿಂದ ನೂರಾರು ಮರಿಗಳು ಹೊರಬರುತ್ತವೆ. ಅಷ್ಟನ್ನೂ ನೀವೇ ಸಾಕಲಾರಿರಿ. ಅವು ಕಲಬುರಗಿಯಿಂದ ಹೈದರಾಬಾದ್, ಪುಣೆ, ಬೆಂಗಳೂರುಗಳಿಗೆ ಹೋಗುತ್ತವೆ. ಹೆಣ್ಣು ಮರಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಅಷ್ಟು ಕಾಲದಲ್ಲಿ ಅದು ಎಷ್ಟು ಕೈ ಬದಲಾಗುತ್ತದೆ, ನೀವು ಬರೆದ ‘ಮಿಶ್ರತಳಿ’ ಎಂಬ ಚೀಟಿ ಎಷ್ಟನೆಯ ಕೈಯಲ್ಲಿ ಉದುರಿಹೋಗುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿ ಇರುವುದಿಲ್ಲ. ಎರಡು ತಳಿಯ ತೊಗರಿ ಬೀಜವನ್ನು ಒಂದೇ ಚೀಲಕ್ಕೆ ಸುರಿದವನು ಚೀಲದ ಮೇಲೆ ಏನು ಬರೆದರೂ, ಮುಂದಿನ ಹಂಗಾಮಿನಲ್ಲಿ ಬಿತ್ತುವವನು ಕಾಳನ್ನು ಮಾತ್ರ ನೋಡುತ್ತಾನೆ. ಮಿಶ್ರ ಮರಿ ತಂದೆಯಂತೆಯೋ ತಾಯಿಯಂತೆಯೋ ಕಂಡುಬಿಟ್ಟರೆ, ಅದನ್ನು ಕೊಂಡವರು ಯಾವ ದುರುದ್ದೇಶವೂ ಇಲ್ಲದೆ ಶುದ್ಧ ಪ್ರಭೇದದೊಂದಿಗೆ ಕೂಡಿಸುತ್ತಾರೆ.

ಇದು ಊಹೆಯ ಮಾತಲ್ಲ. ಗುಂಗುರು ಕೂದಲಿನ ಟ್ಯಾರಂಟುಲಾ, ಅಂದರೆ ಟ್ಲಿಲ್ಟೊಕ್ಯಾಟಲ್ ಆಲ್ಬೊಪಿಲೋಸಸ್, ಹೊಸಬರ ಅಚ್ಚುಮೆಚ್ಚಿನ ಜೇಡ. ಹವ್ಯಾಸಿಗಳ ಬಳಿ ತಲೆಮಾರುಗಳಿಂದ ಹರಿದಾಡುತ್ತಿರುವ ಅದರ ಒಂದು ವಂಶಸಾಲಿನಲ್ಲಿ ಅದೇ ಕುಲದ ವೇಗನ್ಸ್ ಎಂಬ ಇನ್ನೊಂದು ಪ್ರಭೇದ ಬೆರೆತಿದೆ ಎಂಬ ಸಂಶಯ ಬಹಳ ಹಳೆಯದು. ಆದ್ದರಿಂದಲೇ ಇಂದು ಜಾಗರೂಕ ಸಾಕಣೆದಾರರು ‘ನಿಕರಾಗುವಾ ಮೂಲದ್ದು’ ಎಂದು ನೆಲೆ ಗೊತ್ತಿರುವ ಸಾಲನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತಾರೆ. ನೆಲೆ ಗೊತ್ತಿಲ್ಲದ ಸಾಲಿನ ಜೇಡಗಳು ಸಾಕಲು ಚೆನ್ನಾಗಿಯೇ ಇವೆ, ಆದರೆ ಅವುಗಳಿಂದ ವಂಶ ಮುಂದುವರಿಸುವಂತಿಲ್ಲ. ಬೆರೆತದ್ದನ್ನು ಬೇರ್ಪಡಿಸುವ ವಿಧಾನ ಯಾರ ಬಳಿಯೂ ಇಲ್ಲ, ಮೂಲದಿಂದ ಹೊಸ ಜೇಡಗಳನ್ನು ತರಿಸೋಣವೆಂದರೆ ಕಾಡಿನಿಂದ ಹಿಡಿದು ಸಾಗಿಸುವುದು ಅಪರಾಧ, ಆಗಬಾರದ ಕೆಲಸವೂ ಹೌದು. ಸಾಕಿದವರ ಬಳಿ ಈಗ ಇರುವಷ್ಟೇ ಇರುವುದು.

ನಿಸರ್ಗದಲ್ಲಿ ಬೆರೆಯುತ್ತವೆ ಎಂಬುದು ನಿಜವಿರಬಹುದು. ಅಲ್ಲಿ ನೆಲೆ, ಋತು, ಸ್ಪರ್ಧೆಗಳು ಅದನ್ನು ಸೋಸುತ್ತವೆ. ನಮ್ಮಲ್ಲಿ ಸೋಸುವವರು ನಾವೇ. ಇನ್ನು ಗಂಡು ವ್ಯರ್ಥವಾಗಿ ಸಾಯುವ ಮಾತು: ಪ್ರೌಢ ಗಂಡು ಜೋಡಿ ಸಿಕ್ಕರೂ ಸಿಗದಿದ್ದರೂ ಸುಮಾರು ಒಂದು ವರ್ಷದ ಆಸುಪಾಸಿನಲ್ಲಿ ಸಾಯುತ್ತದೆ. ಅದರ ಆಯುಷ್ಯ ಕಡಿಮೆ ಎಂಬುದು ಸರಿಯಾದ ಹೆಣ್ಣನ್ನು ಬೇಗ ಹುಡುಕಲು ಕಾರಣವಾಗಬೇಕೇ ಹೊರತು ಸಿಕ್ಕಿದ ಹೆಣ್ಣಿಗೆ ಕೂಡಿಸಲು ಅಲ್ಲ. ಖಚಿತವಾಗಿ ಹಮೋರಿ ಹೆಣ್ಣನ್ನು ಸಾಕುತ್ತಿರುವವರಿಗೆ ಆ ಗಂಡನ್ನು ಎರವಲು ಕೊಡುವುದು ಈ ಹವ್ಯಾಸದಲ್ಲಿ ವಾಡಿಕೆಯೇ. ಮೊದಲೇ ಒಪ್ಪಂದ ಮಾಡಿಕೊಂಡರೆ ಮರಿಗಳಲ್ಲಿ ಪಾಲೂ ಸಿಗುತ್ತದೆ.

ಭೀಮಾ ತೀರ, ಯಾದಗಿರಿ

ಕಾನೂನಿನ ಕಡೆಯಿಂದ ಕೆಲವು ಮಾತು. ಸ್ಮಿತಿ 1985ರಲ್ಲಿಯೇ, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿತು, ಅನಂತರ ಇಡೀ ಬ್ರಾಕಿಪೆಲ್ಮಾ ಕುಲವೇ ಸೇರಿತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯ ನಂತರ ಇಂಥ ಜೀವಿಗಳು ನಾಲ್ಕನೆಯ ಅನುಸೂಚಿಯ ವ್ಯಾಪ್ತಿಗೆ ಬರುತ್ತವೆ, 49ಎಂ ಕಲಮಿನಡಿ ಅವುಗಳನ್ನು ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ನೋಂದಣಿಯೊಂದೇ ಸಾಲದು. ಮರಿಯಾದರೆ, ಸತ್ತರೆ, ಬೇರೆಯವರಿಗೆ ಕೊಟ್ಟರೆ ಅದನ್ನೂ ತಿಳಿಸಬೇಕು. ಗಂಡನ್ನು ಎರವಲು ತರುವ ಮೊದಲು ಇದನ್ನೂ ವಿಚಾರಿಸಿಕೊಳ್ಳಿ.

ಕರಿಮಣ್ಣು ಅವರು ಗಮನಿಸಬೇಕಾದುದು ಇಷ್ಟು: ಆ ಅರ್ಜಿಯಲ್ಲಿ ಪ್ರಭೇದದ ಹೆಸರು ಬರೆಯಬೇಕಾಗುತ್ತದೆ. ಪೊರೆ ಪರೀಕ್ಷೆಯಲ್ಲಿ ಹೆಣ್ಣು ಹಮೋರಿ ಎಂದು ತಿಳಿದರೆ ದಾಖಲೆಯನ್ನು ತಿದ್ದಿಸಲು ಅರಣ್ಯ ಇಲಾಖೆಗೆ ಬರೆದುಕೊಳ್ಳಿ. ಮಿಶ್ರತಳಿಯಾದರೆ ನಿಯಮದಿಂದ ಪಾರಾಗಬಹುದು ಎಂದು ಕೆಲವರು ತಿಳಿದಿದ್ದಾರೆ, ಅದೂ ತಪ್ಪು. ಹಿಂದಿನ ನಾಲ್ಕು ತಲೆಮಾರುಗಳಲ್ಲಿ ಪಟ್ಟಿಯಲ್ಲಿರುವ ಪ್ರಾಣಿಯೊಂದಿದ್ದರೂ ಮಿಶ್ರ ಪ್ರಾಣಿಗೆ ಸೈಟಿಸ್ ನಿಯಮ ಅನ್ವಯಿಸುತ್ತದೆ. ಆಲ್ಬೊಪಿಲೋಸಸ್‌ನಂಥ ಜೇಡಗಳು 2020ರ ವರ್ಗೀಕರಣದಲ್ಲಿ ಬ್ರಾಕಿಪೆಲ್ಮಾದಿಂದ ಹೊರಬಂದಿವೆ ಎಂದಮಾತ್ರಕ್ಕೆ ಕಾನೂನಿನಿಂದಲೂ ಹೊರಬಂದವೆಂದು ಭಾವಿಸದೆ, ಇಲಾಖೆಯನ್ನು ಕೇಳಿಯೇ ಮುಂದುವರಿಯಿರಿ.

ವಿಷಯಕ್ಕೆ ಹತ್ತಿರದ್ದೇ ಆದ ಇನ್ನೊಂದು ಸಂಗತಿ. ನಮ್ಮ ಕಲಬುರಗಿ, ವಾಡಿ, ಯಾದಗಿರಿಗಳ ಮೇಲೆ ಹಾದು ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿಯೇ ಗುಂತಕಲ್ ದಾಟಿದರೆ ಗುತ್ತಿ ಸಿಗುತ್ತದೆ. ಅಲ್ಲಿನ ರೈಲ್ವೆಯ ಕಟ್ಟಿಗೆ ಅಂಗಳದಲ್ಲಿ ಸಿಕ್ಕ ನೀಲಿ ಜೇಡವನ್ನೇ 1899ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಪೊಯ್ಸಿಲೊಥೀರಿಯಾ ಮೆಟಾಲಿಕಾ ಎಂದು ಹೆಸರಿಸಿದರು. ಪ್ರಾಯಶಃ ಕಟ್ಟಿಗೆಯ ಜೊತೆ ರೈಲಿನಲ್ಲಿ ಬಂದಿದ್ದ ಆ ಜೇಡದ ನಿಜವಾದ ನೆಲೆ ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡು ಎಂದು ತಿಳಿದದ್ದು ಒಂದು ಶತಮಾನದ ನಂತರ, 2001ರಲ್ಲಿ. ನೂರು ಚದರ ಕಿಲೋಮೀಟರಿಗೂ ಕಡಿಮೆ ಜಾಗದಲ್ಲಿ ಉಳಿದಿರುವ ಈ ಪ್ರಭೇದ ಅಳಿವಿನ ತೀವ್ರ ಅಂಚಿನಲ್ಲಿದೆ. 2019ರಲ್ಲಿ ಇದರ ಕುಲವೂ ಸೈಟಿಸ್ ಪಟ್ಟಿಗೆ ಸೇರಿತು. ಈ ಕುಲದ ಹಲವು ಪ್ರಭೇದಗಳು ಪರಸ್ಪರ ಬಹಳ ಹೋಲುತ್ತವೆ, ಅವುಗಳಲ್ಲಿಯೂ ಮಿಶ್ರ ಮರಿಗಳನ್ನು ಹುಟ್ಟಿಸಿದವರಿದ್ದಾರೆ. ನಮ್ಮ ಹೊಲದ ಬದುಗಳಲ್ಲಿ ಬಿಲ ತೋಡಿಕೊಂಡಿರುವ ಜೇಡಗಳನ್ನು ಹಿಡಿದು ತಂದು ‘ಯಾವುದೋ ಒಂದಕ್ಕೆ ಕೂಡಿಸಿ ನೋಡೋಣ’ ಎನ್ನುವ ಹುಡುಗರನ್ನು ಈ ಭಾಗದಲ್ಲಿಯೂ ಕಂಡಿದ್ದೇನೆ. ಅವನ್ನು ಇದ್ದಲ್ಲಿಯೇ ಬಿಡಲು ಹೇಳಿ.

ಕರಿಮಣ್ಣು, ಕಲಬುರಗಿ

ಎಲ್ಲರಿಗೂ ಧನ್ಯವಾದಗಳು. ಪೊರೆ ಡಬ್ಬಿಯಲ್ಲಿ ಭದ್ರವಾಗಿದೆ. ಪ್ರಾಣಿಶಾಸ್ತ್ರ ಕಲಿಸುವ ಪರಿಚಿತರೊಬ್ಬರನ್ನು ಕೇಳಿದ್ದೇನೆ, ಅವರು ನೋಡಿಕೊಡಲು ಒಪ್ಪಿದ್ದಾರೆ. ಗೆಳೆಯರಿಗೂ ಈ ಉತ್ತರಗಳನ್ನು ತೋರಿಸಿದೆ. ಗಂಡಿನ ಬಲ್ಬ್‌ನ ಫೋಟೊ ತೆಗೆದು ಕಳಿಸುವುದಾಗಿ ಹೇಳಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ಒಂದು, ಅಕಸ್ಮಾತ್ ತಪ್ಪು ಜೋಡಿಯಾಗಿ ಮೊಟ್ಟೆಚೀಲ ಬಂದುಬಿಟ್ಟರೆ ಏನು ಮಾಡುತ್ತಾರೆ? ಇನ್ನೊಂದು, ಬೇಸಿಗೆಯದು.

ಎಂಟು ಕಾಲು, ಬೀದರ್

ಚೀಲವನ್ನು ಬೇಗನೆ, ಮೊಟ್ಟೆಗಳಲ್ಲಿ ಮರಿ ರೂಪುಗೊಳ್ಳುವ ಮೊದಲೇ, ತಾಯಿಯಿಂದ ತೆಗೆದು ಫ್ರೀಜರಿನಲ್ಲಿಡುತ್ತಾರೆ. ಕೇಳಲು ಕಠಿಣವೆನಿಸಬಹುದು, ಆದರೆ ಮರಿಗಳು ಹೊರಬಂದ ಮೇಲೆ ಆ ಕೆಲಸ ಯಾರ ಕೈಯಲ್ಲೂ ಆಗುವುದಿಲ್ಲ, ‘ಉಚಿತವಾಗಿ ಕೊಟ್ಟುಬಿಡೋಣ’ ಎಂಬ ಆಸೆಯೂ ಹುಟ್ಟುತ್ತದೆ. ಹೆಣ್ಣಿಗೆ ಇದರಿಂದ ಶಾಶ್ವತ ತೊಂದರೆಯಿಲ್ಲ. ಮುಂದಿನ ಸಲ ಪೊರೆ ಕಳಚುವಾಗ ಶೇಖರವಾದ ವೀರ್ಯವೂ ಹಳೆಯ ಪೊರೆಯ ಜೊತೆಗೆ ಹೊರಹೋಗುತ್ತದೆ. ಸರಿಯಾದ ಜೋಡಿಗೂ ಇದೇ ನಿಯಮವಾದ್ದರಿಂದ, ಹೆಣ್ಣು ಪೊರೆ ಕಳಚಿ ಗಟ್ಟಿಯಾದ ಮೇಲೆ, ಮುಂದಿನ ಪೊರೆಗೆ ಸಾಕಷ್ಟು ಕಾಲವಿರುವಾಗಲೇ ಕೂಡಿಸಬೇಕು.

ಬೇಸಿಗೆಯ ವಿಷಯದಲ್ಲಿ, ಮಿಲನವಾದ ಹಲವು ತಿಂಗಳ ಮೇಲೆ ಮೊಟ್ಟೆ ಇಡುವುದು ಈ ಕುಲದಲ್ಲಿ ಸಾಮಾನ್ಯವಾದ್ದರಿಂದ, ಜೋಡಿ ಮಾಡುವ ಮುನ್ನ ಚೀಲ ಯಾವ ತಿಂಗಳಿಗೆ ಬರಬಹುದೆಂದು ಲೆಕ್ಕ ಹಾಕಿ. ಏಪ್ರಿಲ್, ಮೇ ತಿಂಗಳಿಗೆ ಬಿದ್ದರೆ ಪೆಟ್ಟಿಗೆಯನ್ನು ಮಾಳಿಗೆಯ ಕೋಣೆಯಲ್ಲಿಡದೆ, ಕೆಳಗಿನ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ, ಕೂಲರಿನ ಗಾಳಿ ನೇರವಾಗಿ ಬಡಿಯದ ಮೂಲೆಯಲ್ಲಿಡಿ. ಒಳಗಿನ ಶಾಖ ಇಪ್ಪತ್ತೆಂಟರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ನೀರಿನ ಬಟ್ಟಲು ಬರಿದಾಗಬಾರದು, ಮಣ್ಣಿನ ಒಂದು ಬದಿ ಮಾತ್ರ ತೇವವಾಗಿರಲಿ. ತಾಯಿಯನ್ನು ಪದೇ ಪದೇ ಇಣುಕಿ ನೋಡಿದರೆ ಗಾಬರಿಯಾಗಿ ಚೀಲವನ್ನೇ ತಿಂದುಬಿಡುತ್ತದೆ, ಆದ್ದರಿಂದ ಪೆಟ್ಟಿಗೆಗೆ ಒಂದು ಕಪ್ಪು ಬಟ್ಟೆ ಹೊದಿಸಿ.

ಪೊರೆಯ ಫೋಟೊ ಬಂದ ಮೇಲೆ ಇಲ್ಲಿಯೇ ಹಾಕಿ. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಳಮೈಯನ್ನೂ ಹೊರಮೈಯನ್ನೂ ಬೇರೆ ಬೇರೆಯಾಗಿ ತೆಗೆಸಿ.