ಬೋರ್‌ವೆಲ್ ನೀರು, ಬಯಲು ಪಾರ್ಕಿಂಗ್: ಕಡುನೀಲಿ ಕಾರಿಗೆ ಸಿಂಥೆಟಿಕ್ ಸೀಲಂಟ್ ಹಚ್ಚುವುದು ಹೇಗೆ?

ಕಡುನೀಲಿ_ಸೆಡಾನ್:

ಎಲ್ಲರಿಗೂ ನಮಸ್ಕಾರ. ಎರಡೂವರೆ ವರ್ಷದ ಕಡುನೀಲಿ ಸೆಡಾನ್, ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ಪಾರ್ಕಿಂಗ್ ಬಯಲಲ್ಲಿ, ಪಕ್ಕದಲ್ಲೇ ಮಳೆಮರ. ತೊಳೆಯಲು ಸಿಗುವುದು ಬೋರ್‌ವೆಲ್ ನೀರು, ಅದು ಸಾಲದಾದಾಗ ಟ್ಯಾಂಕರ್. ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್ ಲೀಟರಿಗೆ 900 ಮಿಲಿಗ್ರಾಂ ಆಸುಪಾಸು ತೋರಿಸುತ್ತದೆ. ಬಾನೆಟ್ ಮತ್ತು ರೂಫ್ ಮೇಲೆ ಬಿಳಿ ಉಂಗುರಗಳು ಕೂತಿವೆ, ಶಾಂಪೂಗೆ ಜಗ್ಗುವುದಿಲ್ಲ. ತೊಳೆದು ಒಣಗಿಸಿದ ಮೇಲೂ ಬಾಗಿಲುಗಳ ಕೆಳಭಾಗ ಕೈಗೆ ತರಿತರಿ.

ಕಾರ್ನೂಬಾ ವ್ಯಾಕ್ಸ್ ಹಚ್ಚಿದರೆ ಆರು ವಾರ ದಾಟುತ್ತಿಲ್ಲ. ಸೆರಾಮಿಕ್ ಕೋಟಿಂಗ್ ಬೇಡ, ಮನೆಯಲ್ಲೇ ಕೈಯಿಂದ ಹಚ್ಚುವ ಸೀಲಂಟ್ (ಪೇಂಟ್ ಕಾಯುವ ಸಿಂಥೆಟಿಕ್ ಲೇಪ) ಸಾಕು ಎಂದುಕೊಂಡಿದ್ದೇನೆ. ಮೊದಲು ಪೇಂಟನ್ನು ಯಾವ ಹದಕ್ಕೆ ತರಬೇಕು, ಎಷ್ಟು ಹಚ್ಚಬೇಕು, ಎಷ್ಟು ಹೊತ್ತು ಬಿಡಬೇಕು, ಇಂಥ ನೀರಿನಲ್ಲಿ ಉಳಿಸಿಕೊಳ್ಳುವುದು ಹೇಗೆ? ಟೆಫ್ಲಾನ್ ಕೋಟಿಂಗ್ ಮಾಡಿಸಿ ಎನ್ನುವವರೂ ಇದ್ದಾರೆ. ಅದೂ ಇದೂ ಒಂದೇನಾ?

ಪ್ಯಾಡ್_ಪಾಲಿಶ್:

ಸರ್, ಯಾವ ಬಾಟಲಿ ತಗೊಳ್ಳಲಿ ಎನ್ನುವುದಕ್ಕಿಂತ ಮೊದಲು ಕೆಳಗಿನ ಪೇಂಟ್ ಎಷ್ಟು ಬೆತ್ತಲೆಯಾಗಿದೆ ನೋಡಿ. ಸೀಲಂಟ್ ಕ್ಲಿಯರ್ ಕೋಟಿಗೆ, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೆ, ನೇರವಾಗಿ ಅಂಟಬೇಕು. ನಡುವೆ ಹಳೆ ವ್ಯಾಕ್ಸ್, ಪಾಲಿಶಿನ ಎಣ್ಣೆ, ಡಾಂಬರಿನ ಜಿಡ್ಡು ಏನೇ ಇದ್ದರೂ ಅದರ ಮೇಲೆ ಕೂತು ಅದರ ಜೊತೆಗೇ ಎದ್ದು ಹೋಗುತ್ತದೆ. ಐದಾರು ತಿಂಗಳು ಬಾಳಬೇಕಾದದ್ದು ಒಂದು ತಿಂಗಳಿಗೇ ಹೋಯಿತು ಎನ್ನುವ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಕೆಲಸಕ್ಕೆ ಮೋಡದ ದಿನ ಅಥವಾ ಬೆಳಿಗ್ಗೆ 7ರೊಳಗಿನ ಹೊತ್ತು ಆರಿಸಿ. ಅಂಗೈ ಇಟ್ಟರೆ ತಗಡು ತಣ್ಣಗಿರಬೇಕು. ಎರಡು ಬಕೆಟ್ ಇಟ್ಟು ತೊಳೆಯಿರಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಮಿಟ್ (ತೊಳೆಯುವ ಮೆದು ಗವಸು) ಜಾಲಾಡಲು ಬರೀ ನೀರು. ಕೆಳಭಾಗವನ್ನು ಕೊನೆಗೆ ತೊಳೆಯಿರಿ, ಮಣ್ಣು ಇರುವುದೇ ಅಲ್ಲಿ. ಡಾಂಬರಿನ ಚುಕ್ಕೆಗಳಿಗೆ ಟಾರ್ ರಿಮೂವರ್ ಹಾಕಿ, ಒಂದು ನಿಮಿಷ ನೆನೆಸಿ, ಒರೆಸಿ.

ಆಮೇಲೆ ಐರನ್ ರಿಮೂವರ್. ನಿಮ್ಮ ಕೈಗೆ ತಗಲುವ ತರಿಯಲ್ಲಿ ಬಹುಪಾಲು ಬ್ರೇಕ್ ಡಿಸ್ಕಿನಿಂದ ಸವೆದು ಹಾರಿದ ಕಬ್ಬಿಣದ ಕಣಗಳಿರುತ್ತವೆ. ಬಿಸಿಯಲ್ಲಿ ಹಾರಿ ಬಂದು ಕ್ಲಿಯರ್ ಕೋಟಿಗೆ ಕಚ್ಚಿಕೊಂಡು ಅಲ್ಲೇ ತುಕ್ಕು ಹಿಡಿಯುತ್ತವೆ. ಒದ್ದೆ ಮೈಗೆ ಸಿಂಪಡಿಸಿ ಮೂರು ನಾಲ್ಕು ನಿಮಿಷ ಬಿಡಿ. ಕಣ ಇದ್ದ ಕಡೆ ನೇರಳೆ ಬಣ್ಣ ಗೆರೆಗೆರೆಯಾಗಿ ಇಳಿಯುತ್ತದೆ. ಒಣಗಲು ಬಿಡಬೇಡಿ, ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ ಮಾಡಿ. ವಾಸನೆ ಘಾಟು.

ಇನ್ನು ಕ್ಲೇ, ಅಂದರೆ ಪೇಂಟಿಗೆ ಕಚ್ಚಿದ ತರಿ ಎತ್ತುವ ಮೆದು ಜೇಡಿಯಂಥ ತುಂಡು. 100 ಗ್ರಾಂ ತುಂಡಿನಲ್ಲಿ ಅರ್ಧ ಮುರಿದು, ಬೆಚ್ಚಗಿನ ನೀರಲ್ಲಿ ನಾದಿ, ಬಿಸ್ಕತ್ತಿನಷ್ಟು ಚಪ್ಪಟೆ ಮಾಡಿ. ಫೈನ್ ಗ್ರೇಡ್ ಸಾಕು. ಲೂಬ್ರಿಕಂಟ್ ಧಾರಾಳವಾಗಿ ಸಿಂಪಡಿಸಿ, ಒತ್ತದೆ, ಉದ್ದಕ್ಕೆ ಅಡ್ಡಕ್ಕೆ ಜಾರಿಸಿ. ಮೊದಲು ಗರಗರ ಎನ್ನುತ್ತದೆ, ಸದ್ದು ನಿಂತರೆ ಆ ಜಾಗ ಮುಗಿಯಿತು. ಎರಡೆರಡು ತಗಡಿಗೊಮ್ಮೆ ಮಡಚಿ ಹೊಸ ಮುಖ ತೆಗೆಯಿರಿ. ಕ್ಲೇ ನೆಲಕ್ಕೆ ಬಿತ್ತೋ, ಎಸೆದುಬಿಡಿ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಇಡೀ ಬಾನೆಟ್ ಗೀರಾಗುತ್ತದೆ. ನುಣುಪು ಬಂತೋ ಇಲ್ಲವೋ ನೋಡಲು ತೆಳು ಪ್ಲಾಸ್ಟಿಕ್ ಕವರಿನೊಳಗೆ ಬೆರಳಿಟ್ಟು ಸವರಿ. ಬರಿಗೈಗೆ ತಿಳಿಯದ ತರಿಯೂ ಕವರಿನಲ್ಲಿ ಗೊತ್ತಾಗುತ್ತದೆ.

ಬಿಸಿಲಲ್ಲಿ ನಿಲ್ಲಿಸಿದಾಗ ಜೇಡರ ಬಲೆಯಂಥ ಗೀರು ಕಂಡರೆ ಈಗಲೇ ಫೈನ್ ಪಾಲಿಶ್ ಮಾಡಿ, ಸೀಲಂಟ್ ಗೀರು ಮುಚ್ಚುವುದಿಲ್ಲ. ಕ್ಲಿಯರ್ ಕೋಟ್ ಇರುವುದೇ 35–50 ಮೈಕ್ರಾನ್. ಹಾಗಾಗಿ ಹಚ್ಚುವ ಪ್ರತಿ ಸಲವೂ ಪಾಲಿಶ್ ಬೇಡ. ಪಾಲಿಶ್ ಆದ ಮೇಲೆ ಎಣ್ಣೆ ತೆಗೆಯಲು 150 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲಿಗೆ 850 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ, ಬಟ್ಟೆಗೆ ಸಿಂಪಡಿಸಿ ಒರೆಸಿ. ನೀರು ಬೆರೆಸದೆ ಹಾಕಬೇಡಿ, ಪೇಂಟ್ ಮೆತ್ತಗಾಗಬಹುದು.

ಈಗ ಸೀಲಂಟ್. ಇಡೀ ಸೆಡಾನಿಗೆ 20–25 ಮಿಲಿ ಸಾಕು. ಫೋಮ್ ಪ್ಯಾಡನ್ನು ಲಘುವಾಗಿ ತೇವ ಮಾಡಿ, ಬಟಾಣಿ ಗಾತ್ರದ ನಾಲ್ಕು ಚುಕ್ಕೆ ಇಟ್ಟು ಅರ್ಧ ಬಾನೆಟ್ ಮುಗಿಸಿ. ಹಚ್ಚಿದ್ದು ಪಕ್ಕದಿಂದ ನೋಡಿದರೆ ಉಸಿರಿನ ಮಂಜಿನಷ್ಟು ಮಾತ್ರ ಕಾಣಬೇಕು. ಬೆಳ್ಳಗೆ ಕಂಡರೆ ಜಾಸ್ತಿಯಾಯಿತು. ಅಂಟುವುದು ಕೆಳಗಿನ ಪದರ ಮಾತ್ರ, ಮಿಕ್ಕಿದ್ದೆಲ್ಲ ನೀವು ಒರೆಸಿ ಬಿಸಾಡುವ ದುಡ್ಡು. 20–30 ನಿಮಿಷ ಬಿಟ್ಟು, ಬೆರಳಿಗೆ ಮೈಕ್ರೋಫೈಬರ್ ಸುತ್ತಿ ಒಂದು ಗೆರೆ ಎಳೆಯಿರಿ. ಗೆರೆ ಕನ್ನಡಿಯಂತೆ ತಿಳಿಯಾಗಿ ಬಂದರೆ ಒರೆಸುವ ಹೊತ್ತು. ಕಲಸಿದಂತೆ ಎಳೆದರೆ ಇನ್ನೂ ಹತ್ತು ನಿಮಿಷ. ಒರೆಸಲು 350 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮೇಲ್ಪಟ್ಟ ನಾಲ್ಕೈದು ಬಟ್ಟೆ ಬೇಕು. ಒಂದೇ ಬಟ್ಟೆಯಲ್ಲಿ ಮುಗಿಸಲು ಹೋದರೆ ತೆಗೆದದ್ದನ್ನೇ ಮತ್ತೆ ಬಳಿದಂತೆ. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ, ಬಿಳಿ ಕಲೆ ಅಲ್ಲಿ ಕೂತರೆ ತೆಗೆಯುವುದು ಕಷ್ಟ.

ಕನಿಷ್ಠ 12 ಗಂಟೆ, ಸಾಧ್ಯವಾದರೆ 24 ಗಂಟೆ, ನೀರು ಸೋಕಬಾರದು. ಇಬ್ಬನಿಯೂ ನೀರೇ. ಬಯಲಲ್ಲಿ ನಿಲ್ಲಿಸುವವರು ಆ ಒಂದು ರಾತ್ರಿಗೆ ಬೇಸ್‌ಮೆಂಟ್ ಜಾಗ ಕೇಳಿಕೊಳ್ಳಿ. ಎರಡನೇ ಕೋಟ್ ಹಾಕುವುದಾದರೆ ಅದಾದ ಮೇಲೆಯೇ. ಎರಡನೆಯದು ಇರುವುದು ಮೊದಲಿಗೆ ಬಿಟ್ಟುಹೋದ ಜಾಗ ತುಂಬಲು, ದಪ್ಪ ಕಟ್ಟಲು ಅಲ್ಲ. ಮೂರನೆಯದರಿಂದ ಪ್ರಯೋಜನವಿಲ್ಲ.

ಪಾಲಿಮರ್_ಮೇಷ್ಟ್ರು:

ಟೆಫ್ಲಾನ್ ವಿಚಾರ ಹೇಳಿಬಿಡುತ್ತೇನೆ. ಟೆಫ್ಲಾನ್ ಎಂದರೆ ಪಿಟಿಎಫ್‌ಇ, ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾದ ಮೇಲೆ ಅದು ಪದರವಾಗಿ ಕೂರುವುದು ಅದಕ್ಕಿಂತ ಹೆಚ್ಚು ಶಾಖದಲ್ಲಿ ಬೇಯಿಸಿದಾಗ. ಕಾರಿನ ಪೇಂಟಿಗೆ ಆ ಶಾಖ ಕೊಡುವಂತಿಲ್ಲ. ಹಾಗಾಗಿ ಪಾಲಿಶಿನೊಳಗೆ ಪಿಟಿಎಫ್‌ಇ ಪುಡಿ ಇದ್ದರೂ ಅದು ಪೇಂಟಿಗೆ ಹಿಡಿಯುವುದಿಲ್ಲ, ಆ ಹೆಸರಿನಲ್ಲಿ ಹೊಳಪು ಕೊಡುವುದು ಜೊತೆಗಿರುವ ವ್ಯಾಕ್ಸ್ ಮತ್ತು ಸಿಲಿಕೋನ್. ಹೆಸರು ಬಿಟ್ಟು, ಒಳಗೇನಿದೆ ಕೇಳಿ.

ಸೀಲಂಟಿನಲ್ಲಿ ಸಾಮಾನ್ಯವಾಗಿ ಇರುವುದು ಅಮೈನೋ ಗುಂಪು ಹೊತ್ತ ಸಿಲಿಕೋನ್ ಪಾಲಿಮರ್, ಕೆಲವದರಲ್ಲಿ ಅಕ್ರಿಲಿಕ್. ಅಮೈನೋ ತುದಿ ಪೇಂಟಿನ ಮೇಲ್ಮೈ ಹಿಡಿದುಕೊಳ್ಳುತ್ತದೆ, ಸಾಲ್ವೆಂಟ್ ಹಾರಿಹೋಗುತ್ತದೆ, ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮೇಲೆ ಹೇಳಿದ 12 ಗಂಟೆ ಈ ಹೆಣಿಗೆಗೆ ಬೇಕಾದ ಹೊತ್ತು. ಕಾರ್ನೂಬಾ ಹಾಗಲ್ಲ, ಅದು ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯ ಮೇಣ, ಬರೀ ಮೇಲೆ ಕೂತಿರುತ್ತದೆ. ಕರಗುವುದು 82–86 ಡಿಗ್ರಿಯಲ್ಲಾದರೂ, ಡಬ್ಬಿಯಲ್ಲಿರುವುದು ಎಣ್ಣೆ ಮತ್ತು ಮೆದು ಮೇಣ ಬೆರೆತ ಮಿಶ್ರಣ. ಏಪ್ರಿಲ್ ಬಿಸಿಲಿಗೆ ಕಡುಬಣ್ಣದ ಬಾನೆಟ್ 60 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿ ಮೆತ್ತಗಾಗಿ ಧೂಳು ಹಿಡಿದು, ಪ್ರತಿ ತೊಳೆತಕ್ಕೂ ಒಂದಿಷ್ಟು ಹೋಗುತ್ತದೆ. ನಿಮ್ಮ ಆರು ವಾರದ ಲೆಕ್ಕ ಸರಿಯಾಗಿಯೇ ಇದೆ.

ಕೊಳ್ಳುವಾಗ ಒಂದು ವ್ಯತ್ಯಾಸ ಗಮನಿಸಿ. ಮೆನ್ಜೆರ್ನಾ ಪವರ್ ಲಾಕ್ ಪಾಲಿಮರ್ ಸೀಲಂಟ್. ಕೊಲಿನೈಟ್ 845 ಕಾರ್ನೂಬಾಗೆ ಪಾಲಿಮರ್ ಬೆರೆಸಿದ್ದು, ಅದೂ ಗಟ್ಟಿಯೇ. ಎರಡೂ ಹಚ್ಚುವ ಆಸೆಯಿದ್ದರೆ ಸೀಲಂಟ್ ಕೆಳಗೆ, ವ್ಯಾಕ್ಸ್ ಮೇಲೆ. ತಿರುವುಮುರುವಾದರೆ ಸೀಲಂಟಿಗೆ ಹಿಡಿಯಲು ಏನೂ ಸಿಗದು. ಮತ್ತೆ, ಅಪಘಾತವಾಗಿ ಬಂಪರ್ ಅಥವಾ ಬಾಗಿಲಿಗೆ ಹೊಸ ಪೇಂಟ್ ಹೊಡೆಸಿದ್ದರೆ ಆ ಭಾಗವನ್ನು 30ರಿಂದ 60 ದಿನ ಬಿಟ್ಟು ಹಚ್ಚಿ. ಒಳಗಿನ ಸಾಲ್ವೆಂಟ್ ಹೊರಹೋಗಬೇಕು.

ಸಂಪಿನ_ನೀರು:

ನಿಮ್ಮ ನಿಜವಾದ ಶತ್ರು ಆ 900. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಟಿಡಿಎಸ್ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ತೊಳೆದಾದ ಮೇಲೆ ಕಾರಿನ ಮೈಮೇಲೆ 200 ಮಿಲಿ ನೀರು ಉಳಿದು ಬಿಸಿಲಿಗೆ ಆರಿತು ಎನ್ನಿ, 180 ಮಿಲಿಗ್ರಾಂ ಉಪ್ಪು, ಸುಣ್ಣ ಪೇಂಟಿನ ಮೇಲೆ ಕೂತಂತೆ. ಸೀಲಂಟ್ ಹಚ್ಚಿದ ಮೇಲೆ ಇದು ಇನ್ನೂ ಎದ್ದು ಕಾಣುತ್ತದೆ. ಮೊದಲು ಹರಡಿ ಆರುತ್ತಿದ್ದ ನೀರು ಈಗ ಮಣಿಗಟ್ಟಿ ನಿಲ್ಲುತ್ತದೆ, ಒಂದೊಂದು ಮಣಿಯ ಸುಣ್ಣವೂ ಒಂದೇ ಉಂಗುರಕ್ಕೆ ಸೇರುತ್ತದೆ. ಸೀಲಂಟ್ ಹಾಕಿದ್ದಕ್ಕೇ ಕಲೆ ಜಾಸ್ತಿಯಾಯಿತು ಎಂದು ಜನ ಬೈಯುವುದು ಇದಕ್ಕೆ.

ಈಗಿರುವ ಉಂಗುರಗಳಿಗೆ, ಕ್ಲೇ ಮಾಡುವ ಮುಂಚೆ, ಬಿಳಿ ವಿನೆಗರ್ ಮತ್ತು ಶುದ್ಧ ನೀರು ಸಮಸಮ ಬೆರೆಸಿ. ತಣ್ಣಗಿನ ತಗಡಿನ ಮೇಲೆ ಆ ನೀರಲ್ಲಿ ಅದ್ದಿದ ಬಟ್ಟೆ ಹಾಸಿ ಎರಡು ನಿಮಿಷ ಬಿಡಿ, ತೆಗೆದು ಚೆನ್ನಾಗಿ ತೊಳೆದು ಶಾಂಪೂ ಹಾಕಿ. ಬೇಕಾದರೆ ಇನ್ನೊಮ್ಮೆ. ಕಾರ್ಬೊನೇಟ್ ಕಲೆ ಕರಗುತ್ತದೆ, ಸಿಲಿಕಾ ಕರಗುವುದಿಲ್ಲ. ಎರಡು ಸಲಕ್ಕೂ ಹೋಗದೆ ಉಗುರಿಗೆ ಹಳ್ಳದಂತೆ ತಗುಲಿದರೆ ಅದು ಕ್ಲಿಯರ್ ಕೋಟನ್ನು ತಿಂದಿದೆ. ಅದಕ್ಕೆ ಪಾಲಿಶ್ ಒಂದೇ ದಾರಿ.

ಮುಂದಕ್ಕೆ: ಬೋರ್‌ವೆಲ್ ನೀರಲ್ಲೇ ತೊಳೆಯಿರಿ, ಆದರೆ ಕೊನೆಯ ಜಾಲಾಟಕ್ಕೆ ನಾಲ್ಕೈದು ಲೀಟರ್ ಮೆದು ನೀರು ಇಟ್ಟುಕೊಳ್ಳಿ, ಗಿಡಕ್ಕೆ ಹೊಡೆಯುವ ಪಂಪ್ ಸ್ಪ್ರೇಯರಿನಲ್ಲಿ ರೂಫಿನಿಂದ ಕೆಳಕ್ಕೆ. ಮನೆಯ ಎಸಿಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ಬಹಳ ಒಳ್ಳೆಯದು, ಮೊದಲೊಮ್ಮೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮಳೆನೀರಾದರೆ ಮೊದಲ ಕಾಲು ಗಂಟೆಯದು ಬಿಟ್ಟು ಹಿಡಿಯಿರಿ. ಆರ್‌ಒ ಯಂತ್ರ ಬಿಸಾಡುವ ನೀರಲ್ಲಿ ಮಾತ್ರ ತೊಳೆಯಬೇಡಿ. ಮೂರು ಲೀಟರ್ ಒಳಹೋಗಿ ಒಂದು ಲೀಟರ್ ಶುದ್ಧ ಬಂದರೆ, ಉಳಿದೆರಡು ಲೀಟರಿನಲ್ಲಿ ಟಿಡಿಎಸ್ 1,300 ದಾಟಿರುತ್ತದೆ. ನೆಲ ಒರೆಸಲು ಅದು ಸರಿ, ಕಾರಿಗಲ್ಲ.

ಕಡುನೀಲಿ_ಸೆಡಾನ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ವಿನೆಗರ್, ಐರನ್ ರಿಮೂವರ್, ಕ್ಲೇ ಎಲ್ಲ ಆಯಿತು, ಬಾಗಿಲುಗಳು ಗಾಜಿನಂತಿವೆ. ಆದರೆ ಬಾನೆಟ್ ಮೇಲೆ ಮಾತ್ರ ಮೋಡದಂಥ ಮಬ್ಬು. ಒರೆಸಿದರೆ ಜಾಗ ಬದಲಾಯಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕಾಣುತ್ತದೆ. ಕಾರನ್ನು ನೆರಳಿಗೆ ತಂದು ನಿಲ್ಲಿಸಿ ಮೊದಲು ಹಚ್ಚಿದ್ದು ಬಾನೆಟ್ಟಿಗೆ.

ಪ್ಯಾಡ್_ಪಾಲಿಶ್:

ಕೊನೆಯ ವಾಕ್ಯದಲ್ಲೇ ಉತ್ತರ ಇದೆ. ಎಂಜಿನ್ ಓಡಿದ ಬಿಸಿ ಬಾನೆಟ್ಟಿಗೆ ಏರಿತ್ತು, ಸಾಲ್ವೆಂಟ್ ಸಮನಾಗಿ ಹರಡುವ ಮೊದಲೇ ಹಾರಿ ಹೋಗಿ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿದೆ. ಜಾಗ ಬದಲಾಯಿಸುವ ಮಬ್ಬು ಎಂದರೆ ಅಂಟದೆ ಉಳಿದ ಹೆಚ್ಚುವರಿ, ಪೇಂಟಿಗೆ ಏನೂ ಆಗಿಲ್ಲ. ಜಾಗ ಬದಲಾಯಿಸದೆ ಅಲ್ಲೇ ಇದ್ದಿದ್ದರೆ ಚಿಂತೆ ಮಾಡಬೇಕಿತ್ತು.

ಬಾನೆಟ್ ಪೂರ್ತಿ ತಣಿದ ಮೇಲೆ ಅದೇ ಸೀಲಂಟನ್ನು ಬಹಳ ತೆಳುವಾಗಿ ಅದರ ಮೇಲೆಯೇ ಹಚ್ಚಿ. ಹೊಸದರ ಸಾಲ್ವೆಂಟ್ ಹಳೆಯ ಹೆಚ್ಚುವರಿಯನ್ನು ಸಡಿಲ ಮಾಡುತ್ತದೆ. ಹತ್ತು ನಿಮಿಷದಲ್ಲೇ ಹೊಸ ಬಟ್ಟೆಯಿಂದ ಒರೆಸಿ, ಬಟ್ಟೆಯ ಮಡಿಕೆ ತಿರುಗಿಸುತ್ತಿರಿ. ಆಗಲೂ ಉಳಿದರೆ ಬಾನೆಟ್ ಒಂದನ್ನೇ ಆಲ್ಕೋಹಾಲ್ ಮಿಶ್ರಣದಿಂದ ಒರೆಸಿ ಮೊದಲಿನಿಂದ ಮಾಡಿ. ಸೀಲಂಟಿನ ಒಳ್ಳೆಯ ಗುಣವೇ ಇದು, ತಪ್ಪಾದರೆ ಹತ್ತು ನಿಮಿಷದ ಕೆಲಸ. ಸೆರಾಮಿಕ್ಕಿನಲ್ಲಿ ಇಂಥ ಕಲೆ ಗಟ್ಟಿಯಾದರೆ ಪಾಲಿಶ್ ಮಷೀನ್ ಹಿಡಿಯಬೇಕಾಗುತ್ತದೆ.

ಕುಡ್ಲದ_ಕಡಲು:

ಮಂಗಳೂರು, ಉಡುಪಿ ಕಡೆಯವರು ಓದುತ್ತಿದ್ದರೆ: ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಸೀಲಂಟ್ ಹಚ್ಚುವ ಕಾಲವೇ ಅಲ್ಲ. ತೇವಕ್ಕೆ ಮಂಜು ಕಟ್ಟುವುದಕ್ಕೇ ಒಂದು ಗಂಟೆ ಹಿಡಿಯುತ್ತದೆ, ಒರೆಸಿದ ಮೇಲೂ ಮಬ್ಬು ಬೆವರುತ್ತದೆ. ಮೇ ಮೊದಲ ವಾರ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ ಇಟ್ಟುಕೊಳ್ಳಿ. ಕಡಲ ಗಾಳಿಯ ಉಪ್ಪು ಪೇಂಟಿಗಿಂತ ಹೆಚ್ಚು ಕೆಡಿಸುವುದು ಕಲ್ಲು ತಾಗಿ ಪೇಂಟ್ ಎದ್ದ ಚುಕ್ಕೆಗಳನ್ನು. ಅಲ್ಲಿ ಸೀಲಂಟ್ ಕೆಲಸ ಮಾಡುವುದಿಲ್ಲ, ಟಚ್‌ಅಪ್ ಪೇಂಟ್ ಮೊದಲು.

ಸಂಪಿನ_ನೀರು:

ಇನ್ನು ಉಳಿಸಿಕೊಳ್ಳುವ ಮಾತು. ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಹತ್ತು ಕಾರು ಒರೆಸುತ್ತಾರೆ. ಒಂಬತ್ತು ಕಾರಿನ ಮಣ್ಣು ನಿಮ್ಮದರ ಮೇಲೆ ಉಜ್ಜಿದಂತೆ. ಇದನ್ನು ಯಾವ ಸೀಲಂಟೂ ತಡೆಯದು. ದಿನಾ ಒರೆಸುವುದು ಬೇಡ, ಗಾಜು ಮಾತ್ರ ಸಾಕು ಎಂದು ಹೇಳಿ ಅದೇ ಸಂಬಳ ಕೊಡಿ. ವಾರಕ್ಕೊಮ್ಮೆ ತೊಳೆಯುವಾಗ ನಿಮ್ಮದೇ ಮಿಟ್, ನಿಮ್ಮದೇ ಪಿಎಚ್ ನ್ಯೂಟ್ರಲ್ ಶಾಂಪೂ ಕೊಡಿ. ಬಟ್ಟೆ ಒಗೆಯುವ ಪುಡಿ ಕ್ಷಾರ, ಸೀಲಂಟಿನ ಆಯುಸ್ಸು ಕಡಿಮೆ ಮಾಡುತ್ತದೆ. ನೀರಿಗೆ ಸೀಮೆಎಣ್ಣೆ ಬೆರೆಸಿ ಒರೆಸುವ ಅಭ್ಯಾಸ ಕೆಲವು ಕಡೆ ಇದೆ, ಅದು ಎಣ್ಣೆಯ ತೆಳು ಪದರ ಬಿಟ್ಟು ಧೂಳು ಎಳೆಯುತ್ತದೆ.

ಹಕ್ಕಿಯ ಹಿಕ್ಕೆಗೆ ಸೀಲಂಟ್ ಕೊಡುವುದು ಕೆಲವು ಗಂಟೆಗಳ ಬಿಡುವು ಅಷ್ಟೇ. ಬಿಸಿಲಿಗೆ ಹಿಗ್ಗಿದ ಕ್ಲಿಯರ್ ಕೋಟ್ ಸಂಜೆ ಕುಗ್ಗುವಾಗ, ಒಣಗಿದ ಹಿಕ್ಕೆಯ ಆಕಾರಕ್ಕೇ ಅಚ್ಚೊತ್ತಿಬಿಡುತ್ತದೆ. ನೆನೆಸಿದ ಟಿಶ್ಯೂ ಐದು ನಿಮಿಷ ಇಟ್ಟು, ಉಜ್ಜದೆ ಎತ್ತಿ ತೆಗೆಯಿರಿ. ಮಳೆಮರದಿಂದ ಬೀಳುವ ಅಂಟಿಗೂ ಬೆಚ್ಚಗಿನ ನೀರಲ್ಲಿ ಇದೇ ಕ್ರಮ. ಮೂರು ನಾಲ್ಕು ತಿಂಗಳಿಗೆ ನೀರು ಮಣಿಗಟ್ಟುವುದು ನಿಂತರೆ ಸೀಲಂಟ್ ಹೋಯಿತು ಎಂದುಕೊಳ್ಳಬೇಡಿ, ಹಲವು ಸಲ ಮೇಲೆ ಕೊಳೆಯ ಪೊರೆ ಕಟ್ಟಿರುತ್ತದೆ. ಒಮ್ಮೆ ಶಾಂಪೂ, ಐರನ್ ರಿಮೂವರ್ ಹಾಕಿ ತೊಳೆದು ನೋಡಿ. ಮಣಿ ಮರಳಿ ಬಂದರೆ ಇನ್ನೂ ಎರಡು ತಿಂಗಳು ಓಡಿಸಿ, ಬಾರದಿದ್ದರೆ ಆ ವಾರವೇ ಹೊಸ ಕೋಟ್ ಹಚ್ಚಿ.