ನಗರ ದಂಗೆಯೋ, ರೈತರ ಕೂಟವೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು.

ಮೊನ್ನೆ ಅಣ್ಣನ ಮಗಳು ಓದುತ್ತಾ ಕೂತಿದ್ದವಳು, "ಚಿಕ್ಕಪ್ಪ, 1830ರಲ್ಲಿ ಗಲಾಟೆ ಆಗಿದ್ದು ಯಾವ ಸಿಟಿಯಲ್ಲಿ?" ಅಂದಳು. ಪುಸ್ತಕದಲ್ಲಿ ಇದ್ದದ್ದು 'ನಗರ ದಂಗೆ'. ಅವಳದೇನೂ ತಪ್ಪಿಲ್ಲ. ನಗರ ಅಂದರೆ ಪಟ್ಟಣ. ದಂಗೆ ಅಂದರೆ ಅಂಗಡಿಗೆ ಕಲ್ಲು, ಬಸ್ಸಿಗೆ ಬೆಂಕಿ. ಪೇಪರಿನಲ್ಲಿ ಅವಳು ನೋಡಿರುವುದು ಅದನ್ನೇ, ಅಲ್ವಾ? ನಮ್ಮ ಹೊಸನಗರ ತಾಲ್ಲೂಕಿನ ನಗರದ ಕೋಟೆಯನ್ನು ಅವಳು ಎರಡು ಸಲ ಹತ್ತಿದ್ದಾಳೆ. ಆದರೂ ಆ ಊರು ನೆನಪಿಗೆ ಬರಲಿಲ್ಲ. ಬಿದನೂರನ್ನು 1763ರಲ್ಲಿ ಗೆದ್ದ ಹೈದರ್ ಅಲಿ ಇಟ್ಟ ಹೆಸರಿನಿಂದ ಅದು ನಗರವಾಯಿತು, 1830ರಲ್ಲಿ ರೈತರು ಕಂದಾಯದ ವಿರುದ್ಧ ಎದ್ದದ್ದು ಆ ಸೀಮೆಯಲ್ಲಿ ಅಂತ ಹೇಳಿದೆ. 'ನಗರ ಸೀಮೆಯ' ಅಂತ ಬರೆದರೂ ಈ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ನನಗೆ ಚುಚ್ಚುತ್ತಿರುವುದು 'ದಂಗೆ'. ಅದು ಅಡಗಿಸಿದವರ ಬಾಯಿಯ ಮಾತು. ರೈತರು ತಮ್ಮ ಕೆಲಸಕ್ಕೆ ಇಟ್ಟುಕೊಂಡ ಹೆಸರು 'ಕೂಟ'.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. 1799ರ ಒಪ್ಪಂದದ ಪ್ರಕಾರ ನಗರವೂ ಸೇರಿದ್ದ ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಿತ್ತು. ಈ ಹೊರೆ ಹೊತ್ತ ಸರ್ಕಾರ ಅಮಲ್ದಾರರಿಂದ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಗಳಿಂದ, ಶರತ್ತು ಬರೆಸಿಕೊಳ್ಳುತ್ತಿತ್ತು. ಇಷ್ಟು ಕಂದಾಯ ಎತ್ತಿ ಕೊಡುತ್ತೇನೆ, ಕಡಿಮೆ ಬಿದ್ದರೆ ನಾನೇ ತುಂಬುತ್ತೇನೆ ಅಂತ. ಯಾವ ಅಮಲ್ದಾರ ತನ್ನ ಕೈಯಿಂದ ತುಂಬುತ್ತಾನೆ? ಎಲ್ಲ ರೈತನ ಕುತ್ತಿಗೆಗೆ ಬಂತು.

ಆಗ ರೈತರು ಮೊದಲೇ ಕತ್ತಿ ಹಿಡಿದು ಹೊರಡಲಿಲ್ಲ. ಊರಿಂದ ಊರಿಗೆ ಓಲೆ ಹೋಯಿತು. ಜನ ಒಂದು ಕಡೆ ಸೇರಿದರು. ತಮ್ಮ ಕಷ್ಟ ಹೇಳಿಕೊಂಡರು. ಕಂದಾಯ ಕಟ್ಟುವುದಿಲ್ಲ ಅಂತ ಒಟ್ಟಾಗಿ ನಿಂತರು. ಇದೇ ಕೂಟ. ಇಂಗ್ಲಿಷಿನಲ್ಲಿ ಈ ಚರಿತ್ರೆ ಬರೆದವರೂ ಆ ಪದವನ್ನು ಹಾಗೇ ಉಳಿಸಿಕೊಂಡರು. ಘಟ್ಟದ ಕೆಳಗೆ, ಕಂಪನಿಯೇ ನೇರವಾಗಿ ಆಳುತ್ತಿದ್ದ ಕರಾವಳಿಯಲ್ಲೂ 1830-31ರಲ್ಲಿ ರೈತರು ಕಂದಾಯದ ವಿರುದ್ಧ ಸೇರಿದಾಗ ಬಳಕೆಗೆ ಬಂದದ್ದು ಇದೇ ಮಾತು. ಮೇಲೆ ಅರಸರ ಆಳ್ವಿಕೆ, ಕೆಳಗೆ ಕಂಪನಿಯ ಆಳ್ವಿಕೆ. ಎರಡೂ ಕಡೆ ಜನರ ಬಾಯಲ್ಲಿ ಒಂದೇ ಪದ. ಇದು ಸುಮ್ನೆ ಆಗುವ ಮಾತಲ್ಲ. ಸಿಟ್ಟಿಗೆ ಆಗಲೇ ಒಂದು ಕಟ್ಟು, ಒಂದು ಕ್ರಮ ಬಂದಿತ್ತು ಅನ್ನುವುದಕ್ಕೆ ಈ ಪದವೇ ಸಾಕ್ಷಿ ಅಂತ ನಾನು ನಂಬುತ್ತೇನೆ. 'ದಂಗೆ' ಅಂದ ಕೂಡಲೇ ಆ ಕ್ರಮ ಕಣ್ಣಿಂದ ಮರೆಯಾಗುತ್ತದೆ.

ಪದದ ಹುಟ್ಟು ನಿಮಗೆಲ್ಲ ಗೊತ್ತಿರುವುದೇ. ಓಡು-ಓಟ, ನೋಡು-ನೋಟ, ಹಾಗೇ ಕೂಡು-ಕೂಟ. ಆದರೆ ಈಗ ನಮಗೆ ಉಳಿದಿರುವುದು ಔತಣಕೂಟ, ಕ್ರೀಡಾಕೂಟ. ಊಟ ಮತ್ತು ಆಟ ಉಳಿದು, ಎದುರು ನಿಲ್ಲುವ ಅರ್ಥ ಹೋಯಿತು. 'ಒಕ್ಕೂಟ'ದಲ್ಲಿ ಮಾತ್ರ ಅದರ ಬಿಸಿ ಸ್ವಲ್ಪ ಇದೆ.

ಒಂದು ತಕರಾರು ಬರಬಹುದು, ಅದು ನ್ಯಾಯವಾದದ್ದೇ. ಬೂದಿ ಬಸವಪ್ಪ ತಾನು ಹೈದರನಿಗೆ ಮೊದಲು ಈ ಸೀಮೆ ಆಳಿದ ಕೆಳದಿ ಅರಸರ ವಾರಸುದಾರ ಅಂತ ಮುಂದೆ ಬಂದ. ಕೋಟೆಗಳಿಗಾಗಿ ಕಾದಾಟ ನಡೆಯಿತು. 1831ರ ಜೂನ್‌ನಲ್ಲಿ ಕಂಪನಿಯ ಸೈನ್ಯ ನಗರವನ್ನು ಹಿಡಿಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡ. ಅದು ಅರಸರಿಗೆ ವಾಪಸ್ ಬಂದದ್ದು 1881ರಲ್ಲಿ. ಇಷ್ಟನ್ನೆಲ್ಲ ಕೂಟ ಅನ್ನಲು ಬರುವುದಿಲ್ಲ, ಒಪ್ಪುತ್ತೇನೆ. ಈ ಎರಡನೆಯ ಹಂತಕ್ಕೆ 'ಬಂಡಾಯ' ಸರಿ ಹೊಂದುತ್ತದೆ. ನರಗುಂದದ ರೈತ ಬಂಡಾಯದ ನಂತರ ಆ ಪದಕ್ಕೆ ಮರ್ಯಾದೆ ಜಾಸ್ತಿಯಾಗಿದೆ. ಮೊದಲ ಹಂತಕ್ಕೆ ಮಾತ್ರ ರೈತರ ಪದವನ್ನೇ ಇಡೋಣ ಅನ್ನುವುದು ನನ್ನ ಆಸೆ.

ಶಿಕಾರಿಪುರ ತಾಲ್ಲೂಕಿನ ಈಸೂರಿನದನ್ನೂ ಕೆಲವರು ದಂಗೆ ಅಂತಲೇ ಬರೆಯುತ್ತಾರೆ. 1942ರ ಸೆಪ್ಟೆಂಬರ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಸಮಯ ಆ ಊರು ತನ್ನದೇ ಸರ್ಕಾರ ಮಾಡಿಕೊಂಡಿತು. ಹುಡುಗರನ್ನೇ ಅಮಲ್ದಾರ, ಇನ್ಸ್‌ಪೆಕ್ಟರ್ ಮಾಡಿತು. 112 ವರ್ಷದ ಮೇಲೂ ಜನರ ಕಣ್ಣಲ್ಲಿ ಸರ್ಕಾರ ಅಂದರೆ ಅಮಲ್ದಾರನೇ, ನೋಡಿ. ಆಮೇಲೆ ನಡೆದ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ, ಪೊಲೀಸ್ ಅಧಿಕಾರಿ ಇಬ್ಬರೂ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಅಲ್ಲಿಂದ ನಮಗೆ ಉಳಿದ ಮಾತು 'ಏಸೂರು ಕೊಟ್ಟರೂ ಈಸೂರು ಕೊಡೆವು'. ಏಸು ಅಂದರೆ ಎಷ್ಟು. ಆ ಹಳೆಯ ಪದ ಘೋಷಣೆಯಲ್ಲಿ ಸೇರಿಕೊಂಡಿದ್ದಕ್ಕೇ ಇವತ್ತಿಗೂ ನಮ್ಮ ಮಕ್ಕಳ ಬಾಯಲ್ಲಿದೆ. ಕೂಟಕ್ಕೆ ಆ ಭಾಗ್ಯ ಸಿಗಲಿಲ್ಲ.

ಈಗ ನನ್ನ ಪ್ರಶ್ನೆ. ಸಾಗರ, ಸೊರಬ, ತೀರ್ಥಹಳ್ಳಿ, ಹೊಳೆಹೊನ್ನೂರು ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಹೇಳಿ. 'ಕೂಟ ಸೇರು', 'ಕೂಟ ಕಟ್ಟು' ಅನ್ನುವುದನ್ನು ಅನ್ಯಾಯದ ವಿರುದ್ಧ ಒಟ್ಟಾಗುವುದು ಅನ್ನುವ ಅರ್ಥದಲ್ಲಿ ಅವರು ಬಳಸಿದ್ದು ಕೇಳಿದ್ದೀರಾ? ಅವರು ಹೇಳಿದ ವಾಕ್ಯವನ್ನೇ, ತಿದ್ದದೆ, ಹಾಗೇ ಬರೆದು ಕಳಿಸಿ.