ರಕ್ತದ ಮಾದರಿ ತೆಗೆದುಕೊಂಡವರು ಊಟದ ಲೆಕ್ಕವನ್ನು ಏಕೆ ಕೇಳಿದರು?

ಪ್ರಶ್ನೆ (ಕನ್ನಡ ಶಾಲೆಯ ಶಿಕ್ಷಕರು, ವಾಸ್ಕೋ):

ಮೇಡಂ, ನಮಸ್ಕಾರ. ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರ ತಂದೆ-ತಾಯಿ ಗದಗ, ಕೊಪ್ಪಳದ ಕಡೆಯಿಂದ ಬಂದವರು. ಗೇರು ಸುಗ್ಗಿ ಬಂತೆಂದರೆ ಗೋವಾದ ಸತ್ತರಿ ತಾಲೂಕಿನ ತೋಟಗಳಿಗೆ ದುಡಿಯಲು ಹೋಗುತ್ತಾರೆ. ಈ ಸಲ ಅವರಿದ್ದಲ್ಲಿಗೆ ಒಂದು ಸಂಶೋಧನಾ ತಂಡ ಬಂದು, ಮಂಗನ ಕಾಯಿಲೆಯ ಅಧ್ಯಯನವೆಂದು ಹೇಳಿ ರಕ್ತ ತೆಗೆದುಕೊಂಡಿತು. ಅಷ್ಟಕ್ಕೇ ನಿಲ್ಲದೆ ನಿನ್ನೆ ಏನೇನು ಉಂಡಿರಿ, ಮೊಟ್ಟೆ ತಿಂದಿರಾ, ರೇಷನ್ ಕಾರ್ಡ್ ಯಾವ ರಾಜ್ಯದ್ದು, ಕೈಯಲ್ಲಿ ದುಡ್ಡಿಲ್ಲದೆ ಊಟ ಬಿಟ್ಟ ದಿನ ಇದೆಯೇ ಎಂದೆಲ್ಲ ಕೇಳಿತು. ಕಾರ್ಡ್ ರದ್ದಾಗಬಹುದೆಂಬ ಭಯದಿಂದ ಒಬ್ಬ ತಾಯಿ ‘ದಿನವೂ ಹಾಲು, ಮೊಟ್ಟೆ ಇರುತ್ತದೆ’ ಎಂದು ಹೇಳಿಬಿಟ್ಟಿದ್ದಾರೆ. ಉಣುಗು ಕಚ್ಚಿ ಬರುವ ಜ್ವರಕ್ಕೂ ಊಟಕ್ಕೂ ಏನು ಸಂಬಂಧ? ಹೀಗೆ ಕೇಳುವುದು ನ್ಯಾಯವೇ?

ಉತ್ತರ (ಪಶುವೈದ್ಯೆ, ಸಾರ್ವಜನಿಕ ಆರೋಗ್ಯ ಸಂಶೋಧಕಿ, ಪಣಜಿ):

ಮಾಸ್ತರರೇ, ಸಂಬಂಧ ಇದೆ, ಮತ್ತು ಅದು ಗಾಢವಾಗಿದೆ. ಆದರೆ ಆ ಸಂಬಂಧವನ್ನು ದುಡಿಯುವ ಜನರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳಬೇಕಾದದ್ದು ತಂಡದ ಕರ್ತವ್ಯವಾಗಿತ್ತು. ಆ ತಾಯಿ ಭಯದಿಂದ ಹಾಗೆ ಹೇಳಿದ್ದರೆ ತಪ್ಪು ಅವರದ್ದಲ್ಲ.

ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾಯಿತು; ಮಂಗಗಳು ಸಾಯುತ್ತಿದ್ದ ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನರೂ ಜ್ವರದಿಂದ ಮಲಗಿದ್ದರು. ಅದರ ವೈರಸ್ಸನ್ನು ಪತ್ತೆಹಚ್ಚಿದ್ದು ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಗೋವಾದಲ್ಲಿ ಇದು 2015ರಲ್ಲಿ ಸತ್ತರಿಯ ಪಾಳಿ ಗ್ರಾಮದಲ್ಲಿ ಕಾಣಿಸಿಕೊಂಡಿತು, ಮರುವರ್ಷ ನೆರೆಯ ಸಿಂಧುದುರ್ಗದ ದೋಡಾಮಾರ್ಗ ತಾಲೂಕಿಗೂ ಬಂತು. ಗೋವಾದಲ್ಲಿ ಇದಕ್ಕೆ ತುತ್ತಾದವರಲ್ಲಿ ಬಹಳಷ್ಟು ಮಂದಿ ಗೇರುತೋಟಗಳಲ್ಲಿ ದುಡಿಯುವವರು. ಮರಿ ಉಣುಗುಗಳು ಹೆಚ್ಚು ಚುರುಕಾಗಿರುವುದು ನವೆಂಬರಿನಿಂದ ಮೇವರೆಗೆ; ಗೇರುಹಣ್ಣು ಉದುರುವುದೂ, ಅದನ್ನು ಒಣ ತರಗೆಲೆಯ ನಡುವಿನಿಂದ ಬಗ್ಗಿ ಬಗ್ಗಿ ಆರಿಸುವುದೂ ಅದೇ ಅವಧಿಯಲ್ಲಿ.

ಈಗ ಊಟದ ಪ್ರಶ್ನೆಗೆ ಬರುತ್ತೇನೆ. ‘ಈ ಮೂರು ತಿಂಗಳು ತೋಟಕ್ಕೆ ಹೋಗಬೇಡಿ’ ಎಂದು ಹೇಳುವುದು ನಮ್ಮಂಥವರಿಗೆ ಸುಲಭ. ಆದರೆ ಸುಗ್ಗಿಯ ಕೂಲಿಯನ್ನೇ ನಂಬಿ ಮಳೆಗಾಲದ ಅಕ್ಕಿ-ಬೇಳೆಯನ್ನು ಹೊಂದಿಸುವ ಕುಟುಂಬ ಆ ಮಾತನ್ನು ಕೇಳುವುದಿಲ್ಲ, ಕೇಳಲು ಸಾಧ್ಯವೂ ಇಲ್ಲ. ಮನೆಯಲ್ಲಿ ದಿನಸಿ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬುದನ್ನು ತಿಳಿಯದೆ ಕೊಡುವ ಆರೋಗ್ಯ ಸಲಹೆ ಕಾಗದದ ಮೇಲೆಯೇ ಉಳಿಯುತ್ತದೆ. ಜ್ವರ ಬಂದ ಮೇಲೂ ಲೆಕ್ಕ ಮುಂದುವರಿಯುತ್ತದೆ: ಈ ಕಾಯಿಲೆಯಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ, ಬದುಕಿದವರಿಗೂ ನಿತ್ರಾಣ ವಾರಗಟ್ಟಲೆ ಬಿಡುವುದಿಲ್ಲ. ಆ ವಾರಗಳಲ್ಲಿ ಕೂಲಿ ನಿಂತಾಗ ಮೊದಲು ಕಡಿತವಾಗುವುದು ತಾಯಿಯ ತಟ್ಟೆಯ ಬೇಳೆ, ಆಮೇಲೆ ಮಕ್ಕಳ ಮೊಟ್ಟೆ. ರೋಗವನ್ನು ಮಾತ್ರ ಎಣಿಸಿದರೆ ಈ ನಷ್ಟ ಯಾವ ವರದಿಯಲ್ಲಿಯೂ ಕಾಣುವುದಿಲ್ಲ.

ಇನ್ನೊಂದು ಕಾರಣ ದೇಹದ ಶಕ್ತಿಗೆ ಸಂಬಂಧಿಸಿದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ಮುಂದಾಳತ್ವದಲ್ಲಿ ಜಾರ್ಖಂಡದಲ್ಲಿ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವು ಕ್ಷಯರೋಗಿಗಳ ಮನೆಯವರಿಗೆ ಪ್ರತಿ ತಿಂಗಳು ಆಹಾರದ ಪಡಿ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತೆಂದು ತೋರಿಸಿತು. ಇದನ್ನು ನೇರವಾಗಿ ಮಂಗನ ಕಾಯಿಲೆಗೆ ಅನ್ವಯಿಸುವುದು ಸರಿಯಲ್ಲ. ಚೆನ್ನಾಗಿ ಉಂಡವರನ್ನೂ ಉಣುಗು ಕಚ್ಚುತ್ತದೆ. ಆದರೂ ಸೋಂಕನ್ನು ಅಧ್ಯಯನ ಮಾಡುವವರು ತಟ್ಟೆಯನ್ನು ನೋಡದೆ ಇರಬಾರದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲವೆಂದು ನಾನು ಭಾವಿಸುತ್ತೇನೆ.

‘ನಿನ್ನೆ ಏನು ಉಂಡಿರಿ’ ಎಂಬುದಕ್ಕೂ ಒಂದು ಕ್ರಮವಿದೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಮಹಿಳೆಯರ ಆಹಾರವನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ, ಹಿಂದಿನ ದಿನ ಕನಿಷ್ಠ ಐದು ಗುಂಪುಗಳಾದರೂ ಬಂದಿವೆಯೇ ಎಂದು ನೋಡುತ್ತಾರೆ. ಬೆಳಿಗ್ಗೆ ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಮಧ್ಯಾಹ್ನ ಅನ್ನ-ಬೇಳೆಸಾರು, ರಾತ್ರಿ ಅನ್ನದ ಜೊತೆ ಬಂಗಡೆ ಸಾರು ಉಂಡವರಿಗೆ ಧಾನ್ಯ, ಶೇಂಗಾ, ಬೇಳೆ, ಮೀನು ಎಂದು ನಾಲ್ಕೇ ಗುಂಪುಗಳು ಸಿಗುತ್ತವೆ. ಚಹಾಕ್ಕೆ ಹಾಕಿದ ಎರಡು ಚಮಚ ಹಾಲು ಲೆಕ್ಕಕ್ಕೆ ಬರುವುದಿಲ್ಲ. ತೋಟದಲ್ಲಿ ತಿಂದ ಗೇರುಹಣ್ಣನ್ನು ಹೇಳಿದರೆ ಐದಾಗುತ್ತದೆ, ಆದರೆ ಅದನ್ನು ಊಟವೆಂದು ಯಾರೂ ಎಣಿಸದ ಕಾರಣ ಕೇಳುವವರೇ ಕೆದಕಿ ಕೇಳಬೇಕು. ಈ ಅಳತೆ ಇಡೀ ಸಮುದಾಯದ್ದು. ಒಬ್ಬರ ಒಂದು ದಿನದ ಊಟದಿಂದ ಅವರ ಆರೋಗ್ಯವನ್ನು ತೀರ್ಮಾನಿಸಲು ಬಾರದು.

ರೇಷನ್ ಕಾರ್ಡಿನ ಬಗ್ಗೆ ಅವರಿಗೆ ದಯವಿಟ್ಟು ಧೈರ್ಯ ಹೇಳಿ. ಸಂಶೋಧಕರಿಗೆ ಕಾರ್ಡ್ ರದ್ದು ಮಾಡುವ ಅಧಿಕಾರವಿಲ್ಲ, ಹೆಸರು ಸಹಿತ ಮಾಹಿತಿಯನ್ನು ಬೇರೆಯವರಿಗೆ ಕೊಡುವಂತೆಯೂ ಇಲ್ಲ. ‘ಒಂದು ದೇಶ, ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯ್ದೆಯಡಿಯ ಕರ್ನಾಟಕದ ಕಾರ್ಡಿಗೆ ಗೋವಾದ ನ್ಯಾಯಬೆಲೆ ಅಂಗಡಿಯಲ್ಲಿಯೂ ಧಾನ್ಯ ಸಿಗಬೇಕು. ಆಧಾರ್ ಜೋಡಣೆಯಾಗಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಲಿ.

ಪ್ರಶ್ನೆ (ಅದೇ ಶಿಕ್ಷಕರು):

ಧನ್ಯವಾದಗಳು ಮೇಡಂ. ಆದರೆ ಎರಡು ವರ್ಷದ ಹಿಂದೆ ಬೇರೊಂದು ತಂಡವೂ ರಕ್ತ ತೆಗೆದುಕೊಂಡು ಹೋಗಿತ್ತಂತೆ, ಫಲಿತಾಂಶ ಇಂದಿಗೂ ಬಂದಿಲ್ಲವಂತೆ. ಈ ಸಲ ಮಕ್ಕಳ ರಕ್ತವನ್ನೂ ತೆಗೆದಿದ್ದಾರೆ. ನಾವು ಏನನ್ನು ಕೇಳಬಹುದು?

ಉತ್ತರ:

ಕೇಳುವುದು ನಿಮ್ಮ ಹಕ್ಕು, ಸಂಕೋಚಪಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಟ್ಟು, ಒಪ್ಪಿಗೆ ಪಡೆದ ಮೇಲೆಯೇ ರಕ್ತ ತೆಗೆಯಬೇಕು. ಓದಲು ಬಾರದವರಿಗೆ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಏಳು ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ತಂದೆ-ತಾಯಿಯ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು. ಮಾಹಿತಿ ಪತ್ರದಲ್ಲಿ ಮುಖ್ಯ ಸಂಶೋಧಕರ ಹಾಗೂ ನೈತಿಕ ಸಮಿತಿಯ ಸಂಪರ್ಕ ಇರುತ್ತದೆ. ಆ ಪತ್ರ ಯಾರ ಬಳಿಯೂ ಇಲ್ಲದಿದ್ದರೆ ಅದನ್ನೇ ಮೊದಲು ಬರಹದಲ್ಲಿ ಕೇಳಿ.

ಹಿಮೋಗ್ಲೋಬಿನ್ ನೋಡಿದ್ದರೆ ಅದರ ಫಲಿತಾಂಶವನ್ನು ತಡಮಾಡದೆ ಕೊಡಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಅದಕ್ಕೆ ಇಂದೇ ಚಿಕಿತ್ಸೆ ಇದೆ. ಗರ್ಭಿಣಿಯಲ್ಲದ ಮಹಿಳೆಯಲ್ಲಿ 12 ಗ್ರಾಂಗಿಂತ, ಗರ್ಭಿಣಿಯಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 57ರಷ್ಟು ಮಹಿಳೆಯರಲ್ಲಿ ಇದು ಕಂಡುಬಂದಿತ್ತು. ಮಂಗನ ಕಾಯಿಲೆಯ ಪ್ರತಿಕಾಯ ಪರೀಕ್ಷೆಯ ವಿಚಾರ ಸ್ವಲ್ಪ ಬೇರೆ: ಹಳೆಯ ಸೋಂಕಿನ ಗುರುತು ಸಿಕ್ಕಿದರೆ ಅದಕ್ಕೆ ಔಷಧ ಬೇಕಿಲ್ಲ, ಆದರೆ ತಿಳಿಸದೆ ಇರುವುದಕ್ಕೆ ಅದು ನೆಪವಾಗಬಾರದು.

ಪ್ರಶ್ನೆ (ಎಮ್ಮೆ ಸಾಕಿರುವ ಗೃಹಿಣಿ, ಫೋಂಡಾ):

ಅಕ್ಕ, ನಮ್ಮ ಒಂದು ಎಮ್ಮೆ ಏಳನೇ ತಿಂಗಳಿಗೆ ಕಂದು ಹಾಕಿತು. ಬ್ರುಸೆಲ್ಲಾ (ದನ-ಎಮ್ಮೆಗಳಲ್ಲಿ ಕಂದು ಹಾಕಿಸುವ, ಮನುಷ್ಯರಿಗೂ ಹರಡುವ ರೋಗಾಣು) ಇರಬಹುದು, ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಅತ್ತೆಯವರು ಮಕ್ಕಳಿಗೆ ಹಾಲನ್ನೇ ನಿಲ್ಲಿಸಿದ್ದಾರೆ. ಇದು ಸರಿಯೇ? ಉಣುಗಿನ ಕಾಯಿಲೆಯೂ ಹಾಲಿನಿಂದ ಬರುತ್ತದೆಯೇ?

ಉತ್ತರ:

ತಂಗಿ, ಹಾಲನ್ನು ನಿಲ್ಲಿಸಬೇಡಿ, ಹಸಿ ಹಾಲನ್ನು ನಿಲ್ಲಿಸಿ. ಚೆನ್ನಾಗಿ ಉಕ್ಕಿ ಬರುವಂತೆ ಕಾಯಿಸಿದರೆ ಬ್ರುಸೆಲ್ಲಾ ಸಾಯುತ್ತದೆ. ಕಾಯಿಸದ ಹಾಲಿನಿಂದ ಬೆಣ್ಣೆ ತೆಗೆಯುವುದು, ಕರೆದ ಹಾಲನ್ನು ಹಾಗೆಯೇ ಕುಡಿಯುವುದು, ಗಿಣ್ಣದ ಹಾಲನ್ನು ಅರೆಬರೆ ಬೇಯಿಸುವುದು ಬೇಡ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಆ ಎಮ್ಮೆಯನ್ನು ಬೇರೆ ಕಟ್ಟಿ.

ಹಾಲಿಗಿಂತ ಹೆಚ್ಚಿನ ಅಪಾಯವಿರುವುದು ಕಂದು ಹಾಕಿದ ಕರು, ಮಾಸು ಮತ್ತು ಆ ಜಾಗದ ಹುಲ್ಲಿನಲ್ಲಿ. ಬರಿಗೈಯಲ್ಲಿ ಮುಟ್ಟದೆ, ಗ್ಲೌಸ್ ಹಾಕಿಕೊಂಡು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಆಗ ಕೈಹಾಕಿದವರಿಗೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ-ಕೀಲು ನೋವು ಕಾಣಿಸಿಕೊಂಡರೆ ವೈದ್ಯರಿಗೆ ಎಮ್ಮೆಯ ವಿಷಯವನ್ನು ಬಾಯಿಬಿಟ್ಟು ಹೇಳಲಿ; ಹೇಳದಿದ್ದರೆ ಟೈಫಾಯಿಡ್ ಎಂದು ತಿಳಿದು ತಿಂಗಳುಗಟ್ಟಲೆ ಬೇರೆ ಔಷಧ ನಡೆಯುತ್ತದೆ. ಇದರ ಚಿಕಿತ್ಸೆ ಆರು ವಾರದ್ದು, ನಡುವೆ ಬಿಡಬಾರದು. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಹಾಕುವ ಲಸಿಕೆ ಸರ್ಕಾರದ ಕಾರ್ಯಕ್ರಮದಲ್ಲಿಯೇ ಇದೆ, ಪಶು ಆಸ್ಪತ್ರೆಯಲ್ಲಿ ಕೇಳಿ.

ಮಂಗನ ಕಾಯಿಲೆ ಹಾಲಿನಿಂದ ಮನುಷ್ಯರಿಗೆ ಬಂದದ್ದು ವರದಿಯಾಗಿಲ್ಲ. ದನಗಳ ರಕ್ತ ಹೀರಿ ಉಣುಗುಗಳು ಹೆಚ್ಚುತ್ತವೆ ಎಂಬುದು ನಿಜ, ಆದ್ದರಿಂದ ಕಾಡಂಚಿನಲ್ಲಿ ಮೇಯಿಸುವವರು ದನಗಳ ಮೈಗೆ ಉಣುಗುನಾಶಕ ಹಚ್ಚಿಸುವುದು ಒಳ್ಳೆಯದು.

ಪ್ರಶ್ನೆ (ವಾಸ್ಕೋದ ಶಿಕ್ಷಕರು):

ಕೊನೆಯದಾಗಿ ಮೇಡಂ, ಸುಗ್ಗಿ ಇನ್ನೂ ಆರು ವಾರ ಇದೆ. ತೋಟ ಬಿಡಲಾಗದವರಿಗೆ ನಾನು ಏನು ಹೇಳಲಿ?

ಉತ್ತರ:

ಮೈ ತುಂಬ ಬಟ್ಟೆ ತೊಡಲಿ, ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಳ್ಳಲಿ, ಆರೋಗ್ಯ ಕೇಂದ್ರದವರು ಕೊಡುವ ಉಣುಗು ನಿವಾರಕ ಎಣ್ಣೆಯನ್ನು ತೋಟಕ್ಕೆ ಹೋಗುವ ಮೊದಲು ಹಚ್ಚಿಕೊಳ್ಳಲಿ. ಸಂಜೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಲಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಿರುವುದಿಲ್ಲ. ಸತ್ತ ಮಂಗವನ್ನು ಮುಟ್ಟದೆ ಕೂಡಲೇ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಲಿ. ಮಂಗನ ಕಾಯಿಲೆಯ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ, ಅದನ್ನು ಕಾಯುತ್ತ ಕೂರುವುದು ಬೇಡ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿ ಮತ್ತೆ ಕೆಲಸಕ್ಕೆ ಹೋಗದೆ, ಮೊದಲ ದಿನಗಳಲ್ಲಿಯೇ ಸತ್ತರಿ ತಾಲೂಕಿನ ವಾಳಪೈಯ ಸರ್ಕಾರಿ ಆಸ್ಪತ್ರೆಗೆ ಹೋಗಿ ಗೇರುತೋಟದಿಂದ ಬಂದಿದ್ದೇವೆಂದು ಹೇಳಲಿ. ಆರಂಭದ ದಿನಗಳ ರಕ್ತದಲ್ಲಿ ವೈರಸ್ ಪತ್ತೆಯಾಗುವ ಸಾಧ್ಯತೆ ಹೆಚ್ಚು. ಇದಕ್ಕೆಂದೇ ಇರುವ ಔಷಧವಿಲ್ಲ, ಆದರೆ ಸಕಾಲದಲ್ಲಿ ದ್ರವಾಂಶ ಕೊಟ್ಟು, ರಕ್ತಸ್ರಾವದ ಮೇಲೆ ಕಣ್ಣಿಟ್ಟು ನೋಡಿಕೊಂಡರೆ ಬಹುಪಾಲು ಜನ ಉಳಿಯುತ್ತಾರೆ.

ಆ ತಾಯಿಗೆ ಹೇಳಿ, ತಂಡ ಮತ್ತೆ ಬಂದಾಗ ಹಿಂದಿನ ಉತ್ತರವನ್ನು ತಿದ್ದಿ ಬರೆಸಬಹುದು. ಬೇಕಿದ್ದರೆ ಆ ದಿನ ನಾನೂ ಬಂದು ಅವರ ಪಕ್ಕದಲ್ಲಿ ಕೂರುತ್ತೇನೆ.